ಮರಿ ಅಂತ ತಿಳ್ಕೊಂಡು ಹಿಡಿ

ನನಗೆ ಸೂಜಿ ಕಂಡರೆ ಭಯ. ನಗಬೇಡಿ. ಮೂವತ್ತು ವರ್ಷಕ್ಕೂ ಮಿಕ್ಕಿ ಊರ ಕೂಸುಗಳಿಗೆಲ್ಲ ಸೂಜಿ ಚುಚ್ಚಿ ನಿವೃತ್ತಳಾದವಳು ನಾನು. ಆದರೂ ನನ್ನ ತೋಳಿನ ಹತ್ತಿರ ಯಾರಾದರೂ ಸೂಜಿ ತಂದರೆ ತಲೆಯೆತ್ತಿ ಫ್ಯಾನಿನ ರೆಕ್ಕೆ ಎಣಿಸತೊಡಗುತ್ತೇನೆ. ಇರುವುದು ಮೂರೇ ರೆಕ್ಕೆ. ಎಣಿಕೆ ಮುಗಿದರೂ ಭಯ ಮುಗಿಯುವುದಿಲ್ಲ. ನನ್ನ ಯಜಮಾನರು ಇದನ್ನು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ಹೇಳಲಿ. ಭಯ ಇದ್ದದ್ದರಿಂದಲೇ ನಾನು ಕೊನೆಗೂ ಒಳ್ಳೆಯ ನರ್ಸ್ ಆದದ್ದು ಎಂದು ನನ್ನ ನಂಬಿಕೆ.

ಈಗ ಓದು ಮುಗಿಸಿ ಹೆರಿಗೆ ವಾರ್ಡಿಗೆ ಕಾಲಿಡುತ್ತಿರುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಅಧಿಕಾರಿ ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಆ ಶಾಲುಗಳು ಮಡಕಶಿರದ ನಮ್ಮ ಮನೆಯ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಸುಖವಾಗಿವೆ. ನಾನು ಹೇಳಬೇಕಾದದ್ದು ಒಂದೇ ಸಂಗತಿ. ಹುಟ್ಟಿ ಎರಡು ದಿನವಾದ ಕೂಸಿನ ಹಿಮ್ಮಡಿಗೆ ಸೂಜಿ ತಾಗಿಸುವಾಗ ಅದರ ನೋವನ್ನು ಔಷಧಿಯಿಲ್ಲದೆ ಇಳಿಸುವುದು ಹೇಗೆ? ನಾನು ಅದನ್ನು ಕಲಿತದ್ದು ಪುಸ್ತಕದಿಂದ ಅರ್ಧ, ಗುಮ್ಮಘಟ್ಟದ ಒಬ್ಬ ಕುರಿ ಕಾಯುವವನಿಂದ ಇನ್ನರ್ಧ.

ನಾನು ಹುಟ್ಟಿದ್ದು ತೆಲುಗು ನಾಡಿನ ಗಡಿಗಿರುವ ಮಡಕಶಿರದ ಪಕ್ಕದ ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಕೆಲಸ ಸಿಕ್ಕಿದ್ದು ರಾಯದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ನಾನು ಮಾಡಿದ ಎಡವಟ್ಟುಗಳಿಗೆ ಪಾಪ ಆ ಕಟ್ಟಡವೇಕೆ ಹೊಣೆಯಾಗಬೇಕು? ಅಲ್ಲಿಯವರ “ಬರ್ರಿ, ಕುಂದರ್ರಿ” ಕೇಳಿ ಮೊದಮೊದಲು ನನಗೆ ಯಾರೋ ಗದರಿಸಿದಂತಾಗುತ್ತಿತ್ತು. ನನ್ನ “ಬಾ ಕಣಮ್ಮ” ಕೇಳಿ ಅವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆರು ತಿಂಗಳಲ್ಲಿ ನಾನೂ “ಕುಂದರ್ರಿ” ಎನ್ನತೊಡಗಿದೆ. ರಜೆಗೆ ಊರಿಗೆ ಹೋದಾಗ ಅಪ್ಪನಿಗೂ ಹಾಗೇ ಅಂದು ಬೈಸಿಕೊಂಡೆ.

ನನ್ನ ಮೊದಲ ಮೇಲಧಿಕಾರಿಯನ್ನು ನಾವು ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ತೆಲುಗು ನಾಡಿನ ಕರಾವಳಿ ಕಡೆಯವರು, ತೆಲುಗು ಬಿಟ್ಟು ಬೇರೆ ಮಾತಾಡಿದವರಲ್ಲ. ಕೈ ಬಹಳ ಚುರುಕು. ಅವರ ವಿಧಾನ ಹೀಗಿತ್ತು: ಕೂಸನ್ನು ತಾಯಿಯಿಂದ ಈಸಿಕೊ, ತಣ್ಣನೆಯ ಮೇಜಿನ ಮೇಲೆ ಅಂಗಾತ ಮಲಗಿಸು, ಕಾಲು ಹಿಡಿ, ಚುಚ್ಚು, ಹಿಂಡು, ವಾಪಸು ಕೊಡು. ಕೂಸು ಕಿರುಚಿದರೆ “ಏಡವನೀ” ಎನ್ನುತ್ತಿದ್ದರು, ಅಳಲಿ ಬಿಡು ಅಂತ. ಅತ್ತರೆ ಎದೆ ಗಟ್ಟಿಯಾಗುತ್ತದಂತೆ. ಅಷ್ಟು ಎಳೆಯ ಕೂಸಿಗೆ ನೋವು ತಿಳಿಯುವುದೇ ಇಲ್ಲವಂತೆ. ಕೆಟ್ಟವರೇನಲ್ಲ. ಅವರಿಗೆ ಕಲಿಸಿದ್ದೇ ಹಾಗೆ, ಅವರು ನನಗೆ ಕಲಿಸಿದ್ದೂ ಹಾಗೆ. ನಾನು ಎಂಥ ಶಿಷ್ಯೆ ಎಂದರೆ, ಗುರುವಿಗಿಂತ ಬೇಗ ಚುಚ್ಚುವುದೇ ದೊಡ್ಡ ಸಾಧನೆ ಎಂದುಕೊಂಡು ಬೀಗುತ್ತಿದ್ದೆ.

ಬಾಣಂತಿಯರು ನನಗೊಂದು ಹೆಸರಿಟ್ಟಿದ್ದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಒಮ್ಮೆ ವಾರ್ಡಿನ ಬಾಗಿಲಲ್ಲಿ ನಾನು ಕಾಣಿಸುತ್ತಿದ್ದಂತೆ ಒಬ್ಬಳು ಪಕ್ಕದವಳಿಗೆ, “ಅಳ್ಸಾಕಿ ಬಂದ್ಲು, ಕೂಸು ಮುಚ್ಚಿಟ್ಕೊ” ಎಂದಳು. ಅಳ್ಸಾಕಿ! ಅಳಿಸುವವಳು! ಅವತ್ತು ಊಟ ಸೇರಲಿಲ್ಲ. ಆ ಹೆಸರು ಕಳೆದುಕೊಳ್ಳಬೇಕೆಂದು ಮಾರನೆಯ ದಿನದಿಂದ ಸೂಜಿ ಚುಚ್ಚಿದ ಮೇಲೆ ಲಾಲಿ ಹಾಡತೊಡಗಿದೆ. ನನ್ನ ಕಂಠ ಕೇಳಿದವರಿಗೆ ಮುಂದಿನದು ಗೊತ್ತೇ ಇರುತ್ತದೆ. ಅಲ್ಲಿಯ ತನಕ ಒಂದೇ ಕೂಸು ಅಳುತ್ತಿತ್ತು, ಹಾಡಿದ ಮೇಲೆ ವಾರ್ಡಿಗೆ ವಾರ್ಡೇ ಅತ್ತಿತು. ದೊಡ್ಡ ಸಿಸ್ಟರ್ ಓಡಿಬಂದು ಕೈಮುಗಿದರು.

ಅವರು ನಿವೃತ್ತರಾಗಿ ಹಲವು ವರ್ಷವಾದ ಮೇಲೆ ಒಬ್ಬ ಮಕ್ಕಳ ಡಾಕ್ಟರಮ್ಮ ಬಂದರು. ನನಗಿಂತ ಎಷ್ಟೋ ಚಿಕ್ಕವರು, ನೋಡಲು ಪಿಯುಸಿ ಹುಡುಗಿ. ಬಂದ ಮೊದಲ ವಾರವೇ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ನವಜಾತ ಶಿಶುವಿಗೂ ನೋವಾಗುತ್ತದೆ, ನಮಗೆ ಆಗುವಷ್ಟೇ ಆಗುತ್ತದೆ, ಹೇಳಲು ಬಾಯಿಲ್ಲ ಅಷ್ಟೇ ಎಂದರು. ರಕ್ತ ತೆಗೆಯುವ, ಲಸಿಕೆ ಹಾಕುವ ಸಣ್ಣ ಕೆಲಸಗಳಿಗೆ ತಾಯಿಯ ಎದೆಹಾಲೇ ಸಾಕಂತೆ. ಮೊದಲು ಹಾಲಿಗೆ ಹಚ್ಚಬೇಕು, ಕೂಸು ಚೆನ್ನಾಗಿ ಚೀಪತೊಡಗಿದ ಮೇಲೆ ಚುಚ್ಚಬೇಕು, ಮುಗಿದ ಮೇಲೂ ಬಿಡಿಸಬಾರದು. ಹಾಲು ಕುಡಿಸಲು ಆಗದಿದ್ದರೆ ಕೂಸಿನ ಬಟ್ಟೆ ಬಿಚ್ಚಿ, ತಾಯಿಯ ಇಲ್ಲವೇ ತಂದೆಯ ಬರಿಯ ಎದೆಗೆ ಅವುಚಿ ಹತ್ತು ಹದಿನೈದು ನಿಮಿಷ ಬಿಡಬೇಕು. ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿಟ್ಟರೆ ರಕ್ತ ತಾನಾಗಿ ಬರುತ್ತದೆ, ಹಿಂಡುವ ಕೆಲಸವಿಲ್ಲ. ಚುಚ್ಚುವುದೂ ಹಿಮ್ಮಡಿಯ ಪಕ್ಕಕ್ಕೆ, ನಡುವಿಗಲ್ಲ.

ನನಗೆ ರೇಗಿತು. ಒಂದು ಹನಿ ರಕ್ತಕ್ಕೆ ಇಷ್ಟೆಲ್ಲ ಶೃಂಗಾರವೇ ಎಂದುಕೊಂಡೆ. ಬಾಯಿಬಿಟ್ಟೂ ಅಂದೆ. ಡಾಕ್ಟರಮ್ಮ ನಗುತ್ತಾ, “ರತ್ನಮ್ಮನವರೇ, ನಿಮಗೆ ಯಾರಾದರೂ ತಣ್ಣನೆಯ ಮೇಜಿನ ಮೇಲೆ ಅಂಗಾತ ಮಲಗಿಸಿ, ಕಾಲು ಹಿಡಿದು ಚುಚ್ಚಿದರೆ ಹೇಗಿರುತ್ತೆ?” ಎಂದರು. ನಾನು ಮೇಲೆ ನೋಡಿದೆ. ಫ್ಯಾನಿಗೆ ಮೂರೇ ರೆಕ್ಕೆ.

ಮೊದಲ ಪ್ರಯತ್ನವೂ ಎಡವಟ್ಟೇ ಆಯಿತು. ಡಿ. ಹಿರೇಹಾಳ್ ಕಡೆಯಿಂದ ಬಂದಿದ್ದ ಒಬ್ಬ ಚೊಚ್ಚಲ ಬಾಣಂತಿ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಕೂಸು ಲೋಕ ಮರೆತು ಚೀಪುತ್ತಿತ್ತು. ನಾನು ಮೆಲ್ಲನೆ ಚುಚ್ಚಿದೆ. ಕೂಸು ತುಟಿ ಕೂಡ ಸಡಿಲಿಸಲಿಲ್ಲ. ಆದರೆ ಅದರ ತಾಯಿ “ಯಪ್ಪಾ ಸತ್ತೆ!” ಎಂದು ಕಿರುಚಿ ಮಂಚದ ಮೇಲೆ ಅಡಿಯೆತ್ತರ ನೆಗೆದಳು. ಆ ಕಿರುಚಾಟಕ್ಕೆ ಬೆಚ್ಚಿ ಕೂಸೂ ಅತ್ತಿತು. “ಸೂಜಿ ನಿನಗಲ್ಲಮ್ಮ, ಕೂಸಿಗೆ” ಎಂದರೆ, “ನನಗ ಚುಚ್ಚಿದ್ರ ಸುಮ್ನಿರ್ತಿದ್ದೆ ಬಿಡ್ರಿ” ಅಂದಳು. ಅವತ್ತು ಕಲಿತ ಪಾಠ ಬರೆದಿಟ್ಟುಕೊಳ್ಳಿ: ಕೂಸನ್ನು ಸಮಾಧಾನ ಮಾಡುವ ಮೊದಲು ಹಿಡಿದುಕೊಂಡವರನ್ನು ಸಮಾಧಾನ ಮಾಡಬೇಕು.

ಇನ್ನು ಗುಮ್ಮಘಟ್ಟದ ಕಥೆಗೆ ಬರುತ್ತೇನೆ. ನನ್ನನ್ನು ಕೇಳಿದರೆ ನನ್ನ ಇಡೀ ನೌಕರಿಯೇ ಆ ಒಂದು ಬೆಳಿಗ್ಗೆಗಾಗಿ ಇತ್ತು.

ಗುಮ್ಮಘಟ್ಟದಿಂದ ಹೆರಿಗೆಗೆ ಬಂದಿದ್ದ ಗೌರಿ ಎಂಬ ಹುಡುಗಿ. ಆಪರೇಷನ್ ಮಾಡಿ ಹೆಣ್ಣುಕೂಸು ತೆಗೆದಿದ್ದರು. ಮಾರನೆಯ ದಿನದಿಂದ ಅವಳಿಗೆ ಜ್ವರ, ತಲೆಯೆತ್ತಲಾರದಂಥ ತಲೆನೋವು. ಕೂಸಿಗೆ ಮೂರನೆಯ ದಿನಕ್ಕೆ ಕಾಮಾಲೆ ಏರಿ ಮೈಯೆಲ್ಲ ಅರಿಶಿನ ಹಚ್ಚಿದಂತಾಯಿತು. ಡಾಕ್ಟರಮ್ಮ ಕೂಸನ್ನು ನೀಲಿ ಲೈಟಿನ ಕೆಳಗೆ ಮಲಗಿಸಿದರು. ಕಾಮಾಲೆ ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯಲು ದಿನಾ ಒಂದಿಷ್ಟು ರಕ್ತ ಬೇಕು. ಏರಿದರೆ ಮಿದುಳಿಗೇ ಅಪಾಯ, ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಗೌರಿಯ ಅತ್ತೆ ಹನುಮಕ್ಕ ವಾರ್ಡಿನ ಬಾಗಿಲಲ್ಲಿ ಕಾವಲಿದ್ದಳು. ಗಟ್ಟಿ ಹೆಂಗಸು. ಕಾಸಗಲ ಕುಂಕುಮ, ಮೊಣಕೈವರೆಗೆ ಹಚ್ಚೆ, ದನಿ ಎತ್ತಿದರೆ ಗುಮ್ಮಘಟ್ಟಕ್ಕೇ ಕೇಳಬೇಕು. ಮೊದಲ ದಿನದ ರಕ್ತ ನಾನೇ ತೆಗೆದೆ. ಗೌರಿ ಜ್ವರದಲ್ಲಿ ಮಲಗಿದ್ದಳು, ವಾರ್ಡು ತುಂಬಿತ್ತು, ನನಗೆ ಅವಸರ. ಹಳೆಯ ಚಾಳಿ ಎದ್ದುಬಂತು. ಮೇಜು, ಕಾಲು, ಚುಚ್ಚು, ಹಿಂಡು. ಕೂಸು ಉಸಿರುಗಟ್ಟಿ ನೀಲಿಯಾಗುವಂತೆ ಅತ್ತಿತು. ಹನುಮಕ್ಕ ಒಳಗೆ ನುಗ್ಗಿ ಕೂಸನ್ನು ಎತ್ತಿಕೊಂಡಳು.

“ಮೂರು ದಿನದ ಕೂಸ ಇದು. ಮೇಕೆ ಕಾಲು ಹಿಡದಂಗ ಹಿಡಿತೀಯಲ್ಲ, ನಿನಗ ಮಕ್ಕಳಿಲ್ಲೇನು?”

ಎರಡು ಮಕ್ಕಳಿದ್ದವು ನನಗೆ.

ಡಾಕ್ಟರಮ್ಮ ಬಂದು, ಕಾಮಾಲೆಯ ಅಪಾಯ, ನಾಳೆ ಮತ್ತೆ ರಕ್ತ ತೆಗೆಯಲೇಬೇಕಾದದ್ದು ಎಲ್ಲ ಬಿಡಿಸಿ ಹೇಳಿದರು. ಹನುಮಕ್ಕ ಕೇಳಿಸಿಕೊಂಡಳು. ಆಮೇಲೆ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡು ತೀರ್ಪು ಕೊಟ್ಟಳು. “ನಾಳೆ ಒಂದ ಒಂದು ಸಲ ನೋಡ್ತೀನಿ. ಕೂಸು ಅತ್ತರ ಎದ್ದು ಹೋಗ್ತೀವಿ. ಆಮೇಲೆ ನಮ್ಮನ್ನ ಯಾರೂ ಹಿಡೀಬಾರದು.”

ಬರಿ ಬೆದರಿಕೆಯಲ್ಲ ಅದು. ಹೊರಗೆ ಗುಮ್ಮಘಟ್ಟದ ಆಟೋದವನಿಗೂ ಹೇಳಿಟ್ಟಿದ್ದಳು. ಲೈಟಿನಿಂದ ಎತ್ತಿಕೊಂಡು ಊರಿಗೆ ಹೋದರೆ ಆ ಕೂಸಿನ ಗತಿ ಏನಾಗಬಹುದೆಂದು ನನಗೆ ಗೊತ್ತಿತ್ತು. ಹೋಗುವಂತೆ ಮಾಡಿದವಳು ನಾನೇ ಆಗುತ್ತಿದ್ದೆ.

ಬೆಳಿಗ್ಗೆ ಹೋದರೆ ಗೌರಿಯ ಜ್ವರ ಇಳಿದಿರಲಿಲ್ಲ. ಅವಳು ಕೂಸಿಗೆ ಹಾಲು ಕುಡಿಸುವ ಸ್ಥಿತಿಯಲ್ಲಿರಲಿಲ್ಲ. “ಹಾಗಾದರೆ ತಂದೆ ಬರಲಿ” ಎಂದರು ಡಾಕ್ಟರಮ್ಮ. ಗೌರಿಯ ಗಂಡ ಸಿದ್ದಪ್ಪ ಕಾಂಪೌಂಡಿನ ಬೇವಿನ ಮರದ ಕೆಳಗೆ ಮೂರು ದಿನದಿಂದ ಕಂಬಳಿ ಹೊದ್ದು ಕೂತಿದ್ದ. ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದವನು, ಮಗಳ ಮುಖವನ್ನು ಇನ್ನೂ ಕಂಡಿರಲಿಲ್ಲ.

“ಪುರುಡು ಕಳಿಯೋ ತನಕ ಗಂಡಸು ಕೂಸಿನ್ನ ಮುಟ್ಟಂಗಿಲ್ಲ. ನಮ್ಮಲ್ಲಿ ಇಲ್ಲದ್ದು,” ಹನುಮಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೆರಿಗೆಯ ಮೈಲಿಗೆ ಹನ್ನೊಂದು ದಿನ. ಕಾಮಾಲೆ ಹನ್ನೊಂದು ದಿನ ಕಾಯುವುದಿಲ್ಲ.

ಸಿದ್ದಪ್ಪ ಎದ್ದುಬಂದ. ಮಾತು ಕಡಿಮೆಯ ಮನುಷ್ಯ. ತಾಯಿಯ ಮುಖ ನೋಡದೆ ನೆಲ ನೋಡುತ್ತ ಅಂದ: “ಯವ್ವಾ, ಕುರಿ ಅಡವ್ಯಾಗ ಈದ್ರ ಮರಿ ಎದಿಗೆ ಅವಚಿಕೊಂಡು ಹಟ್ಟಿಗೆ ತರ್ತೀವಿ. ಅವಾಗ ಯಾವ ಪುರುಡು ನೋಡ್ತೀವಿ?”

ಹನುಮಕ್ಕನ ತಲೆಯೊಳಗೆ ಒಂದು ದೊಡ್ಡ ಪಂಚಾಯಿತಿ ನಡೆಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಸೆರಗು ಸರಿಮಾಡಿಕೊಂಡು ಹೇಳಿದಳು. “ಹಂಗಾರ ಮರಿ ಅಂತ ತಿಳ್ಕೊಂಡು ಹಿಡಿ. ಮಗಳು ಅಂತ ತಿಳ್ಕೊಬ್ಯಾಡ. ಮರಿಗೆ ಪುರುಡಿಲ್ಲ.”

ಆಹಾ! ಯಾವ ಹೈಕೋರ್ಟಿನಲ್ಲಿ ಸಿಗುತ್ತದೆ ಇಂಥ ನ್ಯಾಯ? ಡಾಕ್ಟರಮ್ಮ ನಗು ತಡೆಯಲಾರದೆ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಕಂಬಳಿ ಒಳಗೆ ತರಕೂಡದು ಎಂದೆ. ಸ್ನಾನದ ಮನೆ ತೋರಿಸಿ ಸೋಪು ಕೊಟ್ಟೆ. ಸಿದ್ದಪ್ಪ ಎಷ್ಟು ಶ್ರದ್ಧೆಯಿಂದ ಉಜ್ಜಿಕೊಂಡನೆಂದರೆ, ಹೊಸ ಸೋಪು ಸವೆದು ಚಕ್ಕೆಯಾಗಿತ್ತು. ಬರಿ ಮೈಯಲ್ಲಿ, ಕೂದಲಿಂದ ನೀರಿಳಿಸಿಕೊಂಡು ಬಂದು ಮದುವಣಿಗನಂತೆ ನಾಚಿ ನಿಂತ. ಮೈ ಒರೆಸಿ, ಲೈಟಿನ ಕೋಣೆಯಲ್ಲಿ ಪರದೆ ಎಳೆದು ಕುರ್ಚಿಯಲ್ಲಿ ಕೂರಿಸಿದೆ. ಡಾಕ್ಟರಮ್ಮ ಹೇಳಿಕೊಟ್ಟಂತೆ ಹಿಡಿಯುವ ಬಗೆ ತೋರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೂಸನ್ನು ಈಸಿಕೊಂಡು ಹಿಡಿದೇಬಿಟ್ಟಿದ್ದ.

ಆ ಹಿಡಿತ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಅಂಗೈ ಕೂಸಿನ ತಲೆಯ ಮೇಲೆ, ಇನ್ನೊಂದು ಕುಂಡೆಯ ಕೆಳಗೆ. ಎರಡೂ ಮೊಣಕಾಲು ಮಡಿಸಿ ಹೊಟ್ಟೆಗೆ ಸೇರಿಸಿದ್ದ, ಪುಟ್ಟ ಕೈಗಳೆರಡೂ ಬಾಯಿಯ ಹತ್ತಿರ. ಮುಖ ಒಂದು ಪಕ್ಕಕ್ಕೆ, ಮೂಗಿಗೆ ಗಾಳಿ. ಬೆನ್ನ ಮೇಲೆ ನಾನು ಆಸ್ಪತ್ರೆಯ ಹತ್ತಿಯ ಬಟ್ಟೆ ಹೊದಿಸಿದೆ. ಡಾಕ್ಟರಮ್ಮ ಕಣ್ಣರಳಿಸಿ, “ರತ್ನಮ್ಮ, ನಮಗೆ ಎರಡು ದಿನ ಟ್ರೈನಿಂಗ್ ಕೊಟ್ಟು ಕಲಿಸಿದ್ದು ಇದನ್ನೇ!” ಎಂದರು. ಸಿದ್ದಪ್ಪ, “ಕಾಲು ಇಳಿಬಿಟ್ರ ಮರಿ ಗಾಬರಿ ಆಗ್ತೈತ್ರಿ. ಬಿದ್ದೆ ಅನ್ಕೊಂತೈತಿ” ಅಂದ. ಇಷ್ಟು ವರ್ಷ ಕಾಲು ಎಳೆದು ಹಿಡಿದವಳು ನಾನು. ಮುಖ ತಗ್ಗಿಸಿದೆ.

ಹದಿನೈದು ನಿಮಿಷ ಕಾದೆವು. ಬೆಚ್ಚಗಿನ ಬಟ್ಟೆಯಲ್ಲಿ ಹಿಮ್ಮಡಿ ಸುತ್ತಿಟ್ಟೆ. ಕೂಸಿನ ಉಸಿರು ಅಪ್ಪನ ಉಸಿರಿನ ಜೊತೆ ಏರಿಳಿಯತೊಡಗಿತು. ಪರದೆಯ ಸಂದಿಯಲ್ಲಿ ಹನುಮಕ್ಕನ ಒಂದು ಕಣ್ಣು, ಅದರ ಕೆಳಗೆ ಕಟ್ಟಿ ಸಿದ್ಧವಾದ ಗಂಟು. ಸಿದ್ದಪ್ಪ ತುಟಿ ಅದುರಿಸಿ, ಕುರಿಗಳನ್ನು ನೀರಿಗೆ ಕರೆಯುವ ಸದ್ದು ಮಾಡತೊಡಗಿದ: “ಪ್ರ್‌ರ್‌ರ್… ಹೋ… ಪ್ರ್‌ರ್‌ರ್… ಹೋ…” ಪರದೆಯ ಆಚೆ ಬಾಣಂತಿಯರು ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಚುಚ್ಚಿದೆ.

ಕೂಸಿನ ಹಣೆ ಗಂಟಿಕ್ಕಿತು. ಮೂಗು ಸುಕ್ಕಾಯಿತು. ಬಾಯಿ ತೆರೆಯಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ತೆರೆದ ಬಾಯಿ ಇನ್ನೂ ಅಗಲವಾಯಿತು, ಮತ್ತೂ ಅಗಲವಾಯಿತು, ಆಕಳಿಸಿತು! ಆಕಳಿಸಿ ಅಪ್ಪನ ಎದೆಗೆ ಕೆನ್ನೆ ಒತ್ತಿ ಮಲಗಿತು.

ನನಗೆ ಕುಣಿಯಬೇಕೆನ್ನಿಸಿತು. ಡಾಕ್ಟರಮ್ಮ ನನ್ನ ಭುಜ ಹಿಡಿದು ಅಲುಗಾಡಿಸಿದರು. ಸಿದ್ದಪ್ಪ ಹಲ್ಲು ಬಿಟ್ಟ. ನಾವೆಲ್ಲ ಕೂಸಿನ ಮುಖವನ್ನೇ ನೋಡುತ್ತ, ನೋಡುತ್ತ, ನೋಡುತ್ತ ನಿಂತೆವು. ಲ್ಯಾಬಿನ ಹುಡುಗಿ, “ಮೇಡಂ, ರಕ್ತ ಎಲ್ಲಿ?” ಎಂದು ಕೇಳಿದಾಗಲೇ ನನಗೆ ಜ್ಞಾನ ಬಂದದ್ದು. ಟ್ಯೂಬು ನನ್ನ ಕೈಯಲ್ಲಿ ಖಾಲಿಯಾಗಿತ್ತು. ಹಿಮ್ಮಡಿಯಲ್ಲಿ ಮೂಡಿದ್ದ ಹನಿ ಅಲ್ಲೇ ಹೆಪ್ಪುಗಟ್ಟಿ ಕೂತಿತ್ತು. ಇಪ್ಪತ್ತು ವರ್ಷದ ಅನುಭವ ಇಟ್ಟುಕೊಂಡು, ಅಳದ ಕೂಸನ್ನು ಕಂಡ ಸಂಭ್ರಮದಲ್ಲಿ ರಕ್ತ ಹಿಡಿಯುವುದನ್ನೇ ಮರೆತಿದ್ದೆ!

ಈಗ ಇನ್ನೊಂದು ಸಲ ಚುಚ್ಚಬೇಕು. ಪರದೆಯ ಸಂದಿಯ ಕಣ್ಣು ದೊಡ್ಡದಾಯಿತು. “ಇನ್ನೊಂದು ಸಲೇನು?” ಎಂದಳು ಹನುಮಕ್ಕ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ತಪ್ಪು ನನ್ನದು ಅಜ್ಜಿ. ಕೂಸಿನ ಮುಖ ನೋಡ್ತಾ ಮೈಮರೆತೆ. ಇನ್ನೊಂದೇ ಸಲ. ಕರಾರು ಹಾಗೇ ಇರಲಿ, ಅತ್ತರೆ ನೀವು ಹೊರಡಿ” ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಮುಖ ನೋಡ್ತಾ ನಾನೂ ಮೈಮರ್ತಿದ್ದೆ. ಚುಚ್ಚು” ಅಂದಳು.

ಇನ್ನೊಂದು ಹಿಮ್ಮಡಿ ಬೆಚ್ಚಗೆ ಮಾಡಿ, ಮತ್ತೆ ಕಾದು, ಚುಚ್ಚಿದೆ. ಕೂಸು ಒಮ್ಮೆ “ಉಂ” ಎಂದಿತು. ಅದು ಅಳುವೋ ಅಲ್ಲವೋ ಎಂದು ಎಲ್ಲರೂ ಹನುಮಕ್ಕನ ಕಡೆ ತಿರುಗಿದೆವು. ಅವಳು ಬೆರಳೆತ್ತಿ, “ಅದು ಹೂಂ ಅಂದಿದ್ದು. ಅತ್ತಿದ್ದಲ್ಲ” ಎಂದು ತೀರ್ಪು ಕೊಟ್ಟಳು. ಟ್ಯೂಬು ತುಂಬಿತು.

ಆಮೇಲೆ ಕೂಸನ್ನು ಲೈಟಿಗೆ ಮಲಗಿಸುವಾಗ ಹನುಮಕ್ಕ ಬಗ್ಗಿ ಅದರ ಬಾಯಿ ಮೂಸಿದಳು. “ಖರೇ ಹೇಳು. ಏನ್ ಕುಡಿಸಿದಿ ಇದಕ?” “ಏನೂ ಇಲ್ಲ ಅಜ್ಜಿ.” “ಹೂಂ” ಎಂದಳು. ನಂಬಲಿಲ್ಲ ಎಂಬುದು ಆ ಹೂಂ ಒಳಗೇ ಇತ್ತು. ಗಂಟು ಮಾತ್ರ ಬಿಚ್ಚಿದಳು. ಕಾಮಾಲೆ ಇಳಿಯತೊಡಗಿತು, ಗೌರಿಯ ಜ್ವರವೂ ಬಿಟ್ಟಿತು, ಆಮೇಲಿನ ಸೂಜಿಗಳೆಲ್ಲ ಅವಳ ಎದೆಹಾಲಿನಲ್ಲೇ ಮುಗಿದವು. ಕೂಸಿಗೆ ನನ್ನ ಹೆಸರು ಇಟ್ಟಾರೇನೋ ಎಂದು ಒಳಗೊಳಗೇ ಆಸೆಯಿತ್ತು. ಮನೆದೇವರ ಹೆಸರು ಮಾಳಮ್ಮ ಎಂದಿಟ್ಟರು. ಇರಲಿ, ದೇವರೊಂದಿಗೆ ಪೈಪೋಟಿ ಏಕೆ?

ಆ ಹಿಡಿತಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿದೆ. ನಮ್ಮ ವಾರ್ಡಿನಲ್ಲಿ ಅದು ‘ಮರಿ ಹಿಡಿತ’ ಆಯಿತು. “ಸಿಸ್ಟರ್, ಮರಿ ಹಿಡಿತ ಹಾಕ್ಲಾ?” ಎಂದು ಆಯಾಗಳೂ ಕೇಳತೊಡಗಿದರು. ‘ಅಳ್ಸಾಕಿ’ ಎಂಬ ಹೆಸರು ಯಾವಾಗ ಉದುರಿತೋ ಗೊತ್ತಾಗಲಿಲ್ಲ.

ಕೊನೆಯ ವರ್ಷಗಳಲ್ಲಿ ಮಡಕಶಿರದ ಕಡೆಗೇ ವರ್ಗವಾಯಿತು. ಅಲ್ಲಿಯ ಅಜ್ಜಿಯರದು ಬೇರೆ ಕಾಟ. ಕೂಸು ಅಳಬಾರದು ಅಂದರೆ ಜೇನುತುಪ್ಪ ನೆಕ್ಕಿಸಬೇಕು ಎಂದು ಬೆರಳಲ್ಲೇ ಹಿಡಿದುಕೊಂಡು ಬರುತ್ತಿದ್ದರು. “ಒಂದ್ ತೊಟ್ಟು ಕಣಮ್ಮ, ಏನಾಯ್ತದೆ?” ಎಂದವಳೊಬ್ಬಳ ಬೆರಳನ್ನು ಹಿಡಿದು ಅವಳ ಬಾಯಿಗೇ ಇಟ್ಟೆ. ವರ್ಷದೊಳಗಿನ ಕೂಸಿಗೆ ಜೇನು ವಿಷವಾಗಬಹುದು, ಹುಡುಗಿಯರೇ, ಇಲ್ಲಿ ಮಾತ್ರ ನಗಬೇಡಿ. ಆದರೆ ಅದೇ ಅಜ್ಜಿಯರಿಗೆ, ಸೂಜಿ ಹಾಕುವ ಕೋಣೆ ಹುಳು ಮನೆ ಇದ್ದ ಹಾಗೆ ಇರಬೇಕು ಎಂದು ಒಂದು ಮಾತು ಹೇಳಿದರೆ ಸಾಕು. ರೇಷ್ಮೆ ಹುಳು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಲಾಟೆ ಇಲ್ಲ, ಕಣ್ಣು ಕುಕ್ಕುವ ಬೆಳಕಿಲ್ಲ, ಪೌಡರು ಊದಿನಕಡ್ಡಿಯ ವಾಸನೆ ಇಲ್ಲ, ಸುಮ್ಮಸುಮ್ಮನೆ ಎತ್ತಿ ಇಳಿಸುವುದಿಲ್ಲ. ತಾವೇ ಬಾಗಿಲಲ್ಲಿ ನಿಂತು “ಉಶ್” ಎನ್ನುತ್ತಿದ್ದರು.

ಇಷ್ಟು ಮಾಡಿದರೂ ಕೆಲವು ಕೂಸುಗಳು ಅಳುತ್ತವೆ. ಅದು ಅವುಗಳ ಹಕ್ಕು. ದೊಡ್ಡ ನೋವಿನ ಕೆಲಸವಾದರೆ ಔಷಧಿಯೇ ಬೇಕು, ಅದು ಡಾಕ್ಟರಿಗೆ ಬಿಟ್ಟದ್ದು. ಆದರೆ “ಟೈಮಿಲ್ಲ” ಎಂದು ಮಾತ್ರ ಹೇಳಬೇಡಿ. ಟೈಮಿಲ್ಲದ ದಿನ ನಾನು ಏನು ಮಾಡಿದೆನೆಂದು ಮೇಲೆ ಬರೆದಿದ್ದೇನೆ.

ಈಚೆಗೆ, ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದಾಗ, ಒಂದು ಬೆಳಿಗ್ಗೆ ಫೋನು ಬಂತು.

“ಅಕ್ಕಾರ, ನಾನ್ರಿ, ಮರಿ ಹಿಡಿದ ಸಿದ್ದಪ್ಪ. ಅವ್ವಗ ನಾಯಿ ಕಚ್ಚೈತ್ರಿ. ಹುಚ್ಚುನಾಯಿ ಇರಬಹುದು ಅಂತಾರ. ಸೂಜಿ ಬ್ಯಾಡ ಅಂತ ಹಟ ಹಿಡಿದು ಕುಂತಾಳ. ಮಂತ್ರ ಹಾಕಿಸ್ಕೊಂತೀನಿ ಅಂತಾಳ. ನೀವು ಬಂದ್ರ ಬರ್ತೀನಿ ಅಂತಾಳ್ರಿ.”

ಹುಚ್ಚುನಾಯಿ ಕಡಿತಕ್ಕೆ ಸೂಜಿ ಹಾಕಿಸದಿದ್ದರೆ ಆಮೇಲೆ ಯಾವ ಡಾಕ್ಟರೂ ಏನೂ ಮಾಡಲಾರರು. “ಮೊದಲು ನಲ್ಲಿ ಬಿಟ್ಟು ಸೋಪು ಹಾಕಿ ಗಾಯ ತೊಳಿ, ಕಾಲುಗಂಟೆ ತೊಳಿ, ಅವತ್ತು ನೀನು ಮೈ ತೊಳ್ಕೊಂಡ ಹಾಗೆ! ಆಮೇಲೆ ಆಸ್ಪತ್ರೆಗೆ ಕರ್ಕೊಂಡು ಬಾ, ನಾನು ಬಂದೆ” ಎಂದೆ. ಸಿಕ್ಕ ಬಸ್ಸು ಹತ್ತಿದೆ. ಪಾವಗಡದಲ್ಲಿ ಒಮ್ಮೆ, ಕಲ್ಯಾಣದುರ್ಗದಲ್ಲಿ ಒಮ್ಮೆ ಇಳಿದು ಹತ್ತಿ, ಮಧ್ಯಾಹ್ನಕ್ಕೆ ರಾಯದುರ್ಗ ಮುಟ್ಟಿದೆ.

ಹನುಮಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಕಾಸಗಲ ಕುಂಕುಮ ಹಾಗೇ ಇತ್ತು, ಆಳು ಮಾತ್ರ ಅರ್ಧವಾಗಿದ್ದಳು. ಸೂಜಿ ಹಿಡಿದ ಹೊಸ ನರ್ಸನ್ನು ಕಂಡು ಅವಳ ಗಲ್ಲ ನಡುಗುತ್ತಿತ್ತು. ಪಕ್ಕದಲ್ಲಿ ಎರಡು ಜಡೆಯ ಒಬ್ಬ ಹುಡುಗಿ, ಶಾಲೆಯ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮಾಳಮ್ಮ! ನಾನು ಅವಳ ಹಿಮ್ಮಡಿ ನೋಡಿದೆ. ಧೂಳು ಬಿಟ್ಟರೆ ಒಂದು ಗುರುತೂ ಇರಲಿಲ್ಲ.

ಹನುಮಕ್ಕ ನನ್ನನ್ನು ಗುರುತಿಸಿದ ಕೂಡಲೇ ಬೆರಳೆತ್ತಿದಳು. “ನೋಡು ರತ್ನಮ್ಮ, ನಾ ಅತ್ತರ ಎದ್ದು ಹೋಗ್ತೀನಿ. ಆಮೇಲೆ ನನ್ನ ಯಾರೂ ಹಿಡೀಬಾರದು.”

“ಕರಾರು ಅಜ್ಜಿ” ಎಂದೆ.

ಅಪ್ಪನಿಂದ ಸಾವಿರ ಸಲ ಆ ಕಥೆ ಕೇಳಿದ್ದಳೆಂದು ಕಾಣುತ್ತದೆ, ಮಾಳಮ್ಮನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬೆಂಚು ಹತ್ತಿ ಕೂತು ಅಜ್ಜಿಯ ತಲೆಯನ್ನು ತನ್ನ ಎದೆಗೆ ಎಳೆದುಕೊಂಡಳು. ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಬೆನ್ನ ಮೇಲೆ. “ಅಜ್ಜಿ, ನೀ ಈಗ ನಮ್ ಮರಿ” ಅಂದಳು. ಹೊಸ ನರ್ಸ್ ಸೂಜಿ ಎತ್ತಿದಳು. ನಾನು ಕೈ ಅಡ್ಡ ಹಿಡಿದು, ಸ್ವಲ್ಪ ತಾಳು ತಾಯಿ ಎಂದೆ. ಸಾಲಿನಲ್ಲಿದ್ದವರು ಗೊಣಗಿದರು. ಬಾಗಿಲಲ್ಲಿ ನಿಂತಿದ್ದ ಸಿದ್ದಪ್ಪ ತುಟಿ ಅದುರಿಸಿ “ಪ್ರ್‌ರ್‌ರ್… ಹೋ…” ಎಂದದ್ದೇ, ಗೊಣಗುತ್ತಿದ್ದವರೆಲ್ಲ ನಗತೊಡಗಿದರು. ಹನುಮಕ್ಕನ ಗಲ್ಲದ ನಡುಕ ನಿಂತಿತು. ನಾನು ನರ್ಸಿಗೆ ತಲೆಯಾಡಿಸಿದೆ.

ಅವಳು ಹೇಗೆ ಚುಚ್ಚಿದಳೆಂದು ನಿಮಗೆ ವರ್ಣಿಸಲು ನನ್ನಿಂದಾಗದು. ನಾನು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ.

“ಆಯ್ತು ಅಜ್ಜಿ” ಎಂದಿತು ನರ್ಸಿನ ದನಿ. ಕೆಳಗೆ ನೋಡಿದರೆ ಹನುಮಕ್ಕನ ಕಣ್ಣು ಒಣಗಿಯೇ ಇತ್ತು, ತಲೆ ಮೊಮ್ಮಗಳ ಎದೆಯ ಮೇಲೇ ಇತ್ತು. ಅಲ್ಲಿಂದಲೇ ನನ್ನನ್ನು ನೋಡಿ ಹೇಳಿದಳು: “ಅವತ್ತು ಈ ಕೂಸಿಗೆ ನೀ ಏನೋ ಕುಡಿಸಿದ್ದಿ ಅಂತ ಇಷ್ಟು ವರ್ಷ ಅನ್ಕೊಂಡಿದ್ದೆ. ಏನೂ ಕುಡಿಸಿರಲಿಲ್ಲ ನೀನು.”

“ಇಲ್ಲ ಅಜ್ಜಿ” ಎಂದೆ. ನನಗೆ ಅಳು ಬಂತು, ಜೊತೆಗೆ ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮುಖ ಹೇಗಿರುತ್ತದೋ, ಅದನ್ನು ನೋಡಿ ಮಾಳಮ್ಮ ಕಿಸಕ್ಕನೆ ನಕ್ಕಳು.

ನರ್ಸ್ ಚೀಟಿ ಬರೆಯುತ್ತ, ಇನ್ನೂ ಕೆಲವು ಸೂಜಿ ಇವೆ, ಒಂದನ್ನೂ ತಪ್ಪಿಸುವಂತಿಲ್ಲ, ಮುಂದಿನದಕ್ಕೆ ಎರಡು ದಿನ ಬಿಟ್ಟು ಬರಬೇಕು ಎಂದಳು. ಈಗ ಮತ್ತೆ ರಂಪವಾದೀತೆಂದು ನಾವೆಲ್ಲ ಹನುಮಕ್ಕನ ಬಾಯಿ ನೋಡಿದೆವು. ಅವಳು ಮೊಮ್ಮಗಳ ತೋಳನ್ನು ಇನ್ನಷ್ಟು ಹತ್ತಿರಕ್ಕೆಳೆದು ಕೊರಳ ಸುತ್ತ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದಳು:

“ಯಾಕ, ನಾಳೇನ ಹಾಕಾಕ ಬರಂಗಿಲ್ಲೇನು?”